ಸವಕಳಿ

ಭೋಸರಿಯ ಗ್ಯಾಸ್ಕೆಟ್ ಕಾರ್ಖಾನೆಗೆ
ಹನ್ನೊಂದು ವರ್ಷದಿಂದ ನಾನೇ ಲೆಕ್ಕ ನೋಡುವವಳು.
ಮಾರ್ಚ್ ಹತ್ತಿರ ಬಂತೆಂದರೆ ಟಿಳೇಕರರ ಫೋನು:
‘ಮ್ಯಾಡಮ್, ಕಂಪನಿಗೊಂದು ಕಾರು ಬೇಕು.
ತೆರಿಗೆ ಉಳೀಬೇಕು, ಮನಸ್ಸೂ ಉಳೀಬೇಕು.’

ಹೊಸದು ತಗೊಳ್ಳಿ ಅಂದೆ. ಪಟ್ಟಿ ಕಳಿಸಿದೆ:
ಸಾಲದ ಬಡ್ಡಿ, ವಿಮೆ, ಐದು ವರ್ಷದ ಕೋಷ್ಟಕ,
ಬ್ಯಾಟರಿಯದ್ದಾದರೆ ಇಷ್ಟು, ಡೀಸೆಲ್ಲಾದರೆ ಇಷ್ಟು.
ಅವರು ಪಟ್ಟಿಯ ಬೆನ್ನಿಗೆ ಪೆನ್ಸಿಲ್ಲಿನಲ್ಲಿ
ಒಂದು ಮೂತಿ ಬಿಡಿಸಿ ತಂದರು.
ದುಂಡು ಕಣ್ಣೆರಡು, ನಡುವೆ ಹಲ್ಲು ಕಿರಿದ ಜಾಲರಿ.

ಅರವತ್ತೇಳರ ಫಿಯಟ್.
ಕ್ಯಾಂಪಿನ ಖೋರ್ಶೆದ್ ಬಾಯಿಯ ಗ್ಯಾರೇಜಿನಲ್ಲಿ
ಕಿಟಕಿಯ ಹಳೇ ಪರದೆ ಹೊದ್ದು ನಿಂತಿತ್ತು.
ಬಣ್ಣ, ಮಜ್ಜಿಗೆಗೆ ಚಿಟಿಕೆ ಅರಿಸಿನ ಬಿದ್ದ ಹಾಗೆ.
‘ಹೊಸದು ಹೊಸ್ತಿಲು ದಾಟಿದ ಗಳಿಗಿಂದ ಕಳಕೊಳ್ಳತಾ ಹೋಗತದ.
ಇದು ಕಳಕೊಳ್ಳೋದೆಲ್ಲಾ ಕಳಕೊಂಡು ಆರಾಮ ಕೂತದ’
ಅಂದರು. ಅಂದದ್ದು ಮರಾಠಿಯಲ್ಲಿ,
ನನ್ನ ಕಿವಿಗೆ ಬಿದ್ದದ್ದು ಗದಗಿನ ಮಾತಾಗಿ.

ಕಾನೂನು ಮೂತಿ ನೋಡುವುದಿಲ್ಲ, ಎಂಜಿನ್ನು ನೋಡುತ್ತದೆ.
ಸಾವಿರದ ಆರುನೂರು ಸಿಸಿಯ ಗೆರೆ.
ಒಳಗಿದ್ದರೆ ಸಣ್ಣ ಸವಲತ್ತು, ಹೊರಗಿದ್ದರೆ ದೊಡ್ಡದು.
ಇದರದು ಸಾವಿರದ ಎಂಬತ್ತೊಂಬತ್ತು.
ಅಷ್ಟು ದುಂಡನೆ ಮೈ, ಇಷ್ಟೇ ಹೊಟ್ಟೆ!
ಆ ಕಾರಿಗೆ ನಾನು ಮೊದಲ ಸಲ ಮರ್ಯಾದೆ ಕೊಟ್ಟೆ.

ಸವಕಳಿ: ವಿಚಿತ್ರ ಪದ.
ಚಪ್ಪಲಿಯ ಹಿಮ್ಮಡಿಗೆ ಒಪ್ಪುತ್ತದೆ, ಬೀಸುಕಲ್ಲಿನ ಗೂಟಕ್ಕೆ ಒಪ್ಪುತ್ತದೆ.
ನಮ್ಮಲ್ಲಿ ಅದು ನೂರಕ್ಕೆ ಹದಿನೈದು.
ಆರು ಲಕ್ಷ.
ಐದು ಲಕ್ಷ ಹತ್ತು ಸಾವಿರ.
ನಾಲ್ಕು ಲಕ್ಷ ಮೂವತ್ತಮೂರೂವರೆ ಸಾವಿರ.
ಮೂರು ಲಕ್ಷ ಅರವತ್ತೆಂಟು ಸಾವಿರದ ನಾಲ್ಕುನೂರ ಎಪ್ಪತ್ತೈದು.
ಹೀಗೇ ಇಳಿಯುತ್ತ ಇಳಿಯುತ್ತ, ನಾನು ಸತ್ತ ಮೇಲೂ ಇಳಿಯುತ್ತ,
ಸೊನ್ನೆಯನ್ನು ಮಾತ್ರ ಮುಟ್ಟುವುದೇ ಇಲ್ಲ.
ಅತ್ತ ನಾನಾ ಪೇಠೆಯ ಮೆಕ್ಯಾನಿಕ್ ಕೇಳುತ್ತಿದ್ದಾನೆ:
ಒಂಬತ್ತಕ್ಕೆ ಕೊಡ್ತೀರಾ?

ಡ್ರೈವರ್ ಪೋಪಟ ಕಾಳೋಖೆ.
ಓಡಾಟದ ಪುಸ್ತಕ ಇಡು, ಏನೂ ಬಿಡಬೇಡ ಅಂದಿದ್ದೆ.
ಬಿಟ್ಟಿಲ್ಲ.

ಸೋಮವಾರ. ಚಾಕಣ. ಗಿರಾಕಿ ಭೇಟಿ. ಹದಿನೆಂಟು ಕಿಲೋಮೀಟರು.
ಬುಧವಾರ. ಅಲ್ಲಿಗೇ. ಗಿರಾಕಿ ಗ್ಯಾಸ್ಕೆಟ್ ನೋಡಲಿಲ್ಲ,
ಬಾನೆಟ್ ಎತ್ತಿಸಿ ನೋಡಿದ. ಆರ್ಡರು ಸಿಕ್ಕಿತು.
ಗುರುವಾರ. ಸ್ವಾರಗೇಟಿನಲ್ಲಿ ನಿಂತಿತು. ಆರು ಜನ ನೂಕಿದರು,
ಒಬ್ಬ ಪೊಲೀಸು. ಯಾರೂ ಚಹಾ ಸಹಿತ ತಗೊಳ್ಳಲಿಲ್ಲ.
ಶನಿವಾರ. ಸಾಸವಡ. ಸೀತಾಫಲ ಎರಡು ಬುಟ್ಟಿ,
ಒಂದು ಸಾಹೇಬರ ಮನೆಗೆ, ಒಂದು ಕ್ಯಾಂಟೀನಿಗೆ.
ಭಾನುವಾರ. ಖೋರ್ಶೆದ್ ಬಾಯಿ ಕರೆದರು. ಬಂಡ್ ಗಾರ್ಡನ್ ತನಕ ಒಂದು ಸುತ್ತು.
ಹಿಂದೆ ಕೂರಲಿಲ್ಲ. ನನ್ನನ್ನು ಹಿಂದೆ ಕೂರಿಸಿದರು.
ಸಾಹೇಬರಿಗೆ ಹೇಳಬೇಡ ಅಂದರು.
ಹೇಳಿಲ್ಲ. ಬರೆದಿದ್ದೇನೆ.

ನನ್ನ ಹತ್ತಿರ ಇರುವುದು ಎರಡೇ ಅಂಕಣ,
ವ್ಯವಹಾರ, ಖಾಸಗಿ.
ಸೀತಾಫಲ ಸುಲಭ: ಒಂದು ಬುಟ್ಟಿ ಅತ್ತ, ಒಂದು ಇತ್ತ.
ಎಂಬತ್ತೆರಡರ ಮುದುಕಿ ಗೇರು ಹಾಕಿದ್ದು ಖಾಸಗಿ,
ಅದರಲ್ಲೂ ಸಂಶಯವಿಲ್ಲ.
ಆ ನೂಕಿದವರನ್ನು ಎಲ್ಲಿ ಹಾಕಲಿ?
ದೂರ ನಲವತ್ತು ಮೀಟರು, ಪೆಟ್ರೋಲು ಇಲ್ಲ, ರಸೀದಿ ಇಲ್ಲ.
ಹೊಸ ಕಾರಾಗಿದ್ದರೆ ಹಾರ್ನು ಹೊಡೆದು ಬೈದು ಹೋಗುತ್ತಿದ್ದ ಆರು ಜನ.

ಮೊನ್ನೆ ಕಡತ ಕಟ್ಟಿ ಏಳುವಾಗ ಕತ್ತಲಾಗಿತ್ತು.
ಪೋಪಟ ಬಾಗಿಲು ತೆರೆದ.
ಕದ ಬಿದ್ದ ಸದ್ದು, ಅವ್ವನ ಟ್ರಂಕು ಮುಚ್ಚಿದ ಹಾಗೆ.
ಸೀಟಿನಲ್ಲಿ ಪೆಟ್ರೋಲಿನ, ಯಾರದೋ ಹಳೇ ಅತ್ತರಿನ ವಾಸನೆ.
ಶಿವಾಜಿನಗರದ ಸಿಗ್ನಲ್ಲಿನಲ್ಲಿ ಸ್ಕೂಟರಿನ ಹುಡುಗಿಯೊಬ್ಬಳು
ಕೈ ಚಾಚಿ ದೀಪದ ಅಂಚು ಸವರಿದಳು,
ಕೆಂಪು ಹಸಿರಾದರೂ ಕೈ ತೆಗೆಯಲಿಲ್ಲ.

ಮನೆ ಮುಂದೆ ಇಳಿದೆ. ಪೋಪಟ ಒಳಗಿನ ದೀಪ ಹಾಕಿ
ಪುಸ್ತಕ ತೊಡೆಯ ಮೇಲಿಟ್ಟುಕೊಂಡ.
‘ಏನಂತ ಬರೀಲಿ, ಮ್ಯಾಡಮ್?’

ಹದಿನಾಲ್ಕು ಕಿಲೋಮೀಟರು ಅಂತ ಬರಿ, ಅಂದೆ.
ಕಾರಣದ ಜಾಗ
ಇರಲಿ, ನಾಳೆ ನೋಡೋಣ.